ಸಿಂಗಲ್ ಫೇಸ್ ಕರೆಂಟಿನಲ್ಲಿ ತ್ರೀ ಫೇಸ್ ಲೇಥ್: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಪಂಜಾಬಿನ ಬಟಾಲಾದ್ದೋ ಗುಜರಾತಿನ ರಾಜಕೋಟದ್ದೋ ನಾಲ್ಕೂವರೆ ಅಡಿ, ಆರು ಅಡಿ ಲೇಥ್ ಹಳೆಯದಾದರೂ ಗಟ್ಟಿಯಾಗಿರುವುದು ಸಿಕ್ಕಿಬಿಡುತ್ತದೆ. ತಂದು ಶೆಡ್ಡಿನಲ್ಲಿ ಕೂರಿಸಿ, ಲೆವೆಲ್ ನೋಡಿ, ಎಣ್ಣೆ ಬಿಟ್ಟ ಮೇಲೆ ಕರೆಂಟಿನ ಪ್ರಶ್ನೆ ಬರುತ್ತದೆ. ಮೋಟಾರು ತ್ರೀ ಫೇಸ್, ಶೆಡ್ಡಿಗೆ ಬಂದಿರುವುದು ಸಿಂಗಲ್ ಫೇಸ್. ಆಗ ಜನ ಮೂರರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಮೊದಲನೆಯದು ಡ್ರೈವ್, ಅಂದರೆ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ ಮೋಟಾರಿನ ವೇಗವನ್ನೂ ಬದಲಿಸುವ ಎಲೆಕ್ಟ್ರಾನಿಕ್ ಡಬ್ಬಿ, ವಿಎಫ್‌ಡಿ. ಎರಡನೆಯದು ರೋಟರಿ ಕನ್ವರ್ಟರ್: ಒಂದು ದೊಡ್ಡ ತ್ರೀ ಫೇಸ್ ಮೋಟಾರನ್ನು ಸುಮ್ಮನೆ ಓಡಿಸುತ್ತ ಅದರಿಂದ ಮೂರನೆಯ ಫೇಸ್ ಹುಟ್ಟಿಸಿಕೊಳ್ಳುವುದು. ಮೂರನೆಯದು ಪಂಪ್‌ಸೆಟ್ಟಿಗೆ ಹಾಕುವಂಥ ಕಂಡೆನ್ಸರ್ (ಕೆಪಾಸಿಟರ್) ಡಬ್ಬಿ.

ನಾನು ಮೂರನ್ನೂ ಓಡಿಸಿದ್ದೇನೆ. ಈಗ ನನ್ನ ಶೆಡ್ಡಿನಲ್ಲಿರುವುದು ಡ್ರೈವ್. ಇಷ್ಟು ವರ್ಷದಲ್ಲಿ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಡ್ರೈವಿನ ಒಳಗೂ ಇರಲಿಲ್ಲ, ಮೋಟಾರಿನ ವೈಂಡಿಂಗಿನಲ್ಲೂ ಇರಲಿಲ್ಲ. ಟರ್ಮಿನಲ್ ಬಾಕ್ಸಿನ ಪಟ್ಟಿಗಳಲ್ಲಿ, ಸಣ್ಣ ವೈರಿನಲ್ಲಿ, ಸಡಿಲ ಸ್ಕ್ರೂನಲ್ಲಿ ಇದ್ದವು. ಅದಕ್ಕೇ ಖರ್ಚಿಲ್ಲದ ತಪಾಸಣೆಯಿಂದ ಶುರುಮಾಡಿ ಬರೆದಿದ್ದೇನೆ.

ಕೈ ಹಾಕುವ ಮುಂಚೆ

ಮೇನ್ ಸ್ವಿಚ್ ಇಳಿಸಿ, ಟೆಸ್ಟರ್ ಒಂದನ್ನೇ ನಂಬದೆ ಮೀಟರ್ ಇಟ್ಟು ನೋಡಿ. ಡ್ರೈವ್ ಆಫ್ ಮಾಡಿದ ಮೇಲೂ ಅದರ ಒಳಗಿನ ಕಂಡೆನ್ಸರುಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ಉಳಿದಿರುತ್ತದೆ. ಡಿಸ್‌ಪ್ಲೇ ಆರಿತು ಎಂದರೆ ಕರೆಂಟು ಹೋಯಿತು ಎಂದಲ್ಲ. ಮುಚ್ಚಳದ ಮೇಲೆ ಬರೆದಷ್ಟು ಹೊತ್ತು, ಏನೂ ಬರೆದಿಲ್ಲದಿದ್ದರೆ ಹತ್ತು ನಿಮಿಷ ಕಾದು, ಡಿಸಿ ಟರ್ಮಿನಲ್ಲುಗಳ ನಡುವೆ ಅಳೆದು ಆಮೇಲೆ ಮುಟ್ಟಿ. ಕಂಡೆನ್ಸರ್ ಡಬ್ಬಿಯಲ್ಲೂ ಇದೇ ಮಾತು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಬೇಡಿ, ಫಿಲಮೆಂಟ್ ಬಲ್ಬ್ ಹಾಕಿದ ಹೋಲ್ಡರಿನ ಎರಡು ವೈರು ಮುಟ್ಟಿಸಿ ಇಳಿಸಿ. ಚಕ್ ಕೀ ಚಕ್ಕಿನಲ್ಲಿ (ಜಾಬ್, ಅಂದರೆ ಕಡೆಯುವ ತುಂಡನ್ನು, ಹಿಡಿದು ತಿರುಗುವ ಭಾಗ) ಇಲ್ಲ ಎಂಬುದನ್ನು ಪ್ರತಿ ಸಲ ಕಣ್ಣಾರೆ ನೋಡಿ.

ಇನ್ನೊಂದು ಕೆಲಸ, ಮೋಟಾರಿನ ಪ್ಲೇಟಿನ ಮೇಲಿನ ಎಣ್ಣೆ ಕೊಳೆ ಒರೆಸಿ ಓದುವುದು. ಎಷ್ಟು ಎಚ್‌ಪಿ, ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಸ್ಟಾರ್ ಕನೆಕ್ಷನ್ನೋ ಡೆಲ್ಟಾನೋ (ಮೋಟಾರಿನ ಮೂರು ಕಾಯಿಲುಗಳನ್ನು ಒಂದಕ್ಕೊಂದು ಜೋಡಿಸುವ ಎರಡು ಬಗೆ). ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಮುಂದಿನದೆಲ್ಲ ಸುಲಭ.

ಲಕ್ಷಣ: ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಬಿಡಬೇಡಿ, ಆಫ್ ಮಾಡಿ. ನಿಂತ ಮೋಟಾರು ಪ್ಲೇಟಿನಲ್ಲಿ ಬರೆದದ್ದಕ್ಕಿಂತ ಐದಾರು ಪಟ್ಟು ಆಂಪ್ಸ್ ಎಳೆಯುತ್ತದೆ. ವೈಂಡಿಂಗ್ ಸುಡಲು ಒಂದು ನಿಮಿಷವೂ ಬೇಡ.

ಮೊದಲು ಕರೆಂಟು ಪೂರ್ತಿ ತೆಗೆದು, ಗೇರ್ ನ್ಯೂಟ್ರಲ್ ಮಾಡಿ ಚಕ್ ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ದೋಷ ಮೆಕ್ಯಾನಿಕಲ್: ಬ್ಯಾಕ್ ಗೇರ್ (ವೇಗ ಇಳಿಸಿ ಬಲ ಹೆಚ್ಚಿಸುವ ಗೇರ್) ಸಿಕ್ಕಿಕೊಂಡಿರಬಹುದು, ಬೇರಿಂಗ್ ಹಿಡಿದಿರಬಹುದು, ಬೆಲ್ಟ್ ವಿಪರೀತ ಬಿಗಿಯಾಗಿರಬಹುದು. ಸಲೀಸಾಗಿ ತಿರುಗಿದರೆ ಮೂರನೆಯ ಫೇಸ್ ಮೋಟಾರಿಗೆ ತಲುಪುತ್ತಿಲ್ಲ. ಎರಡು ವೈರಿನ ಮೇಲೆ ಮಾತ್ರ ನಿಂತ ತ್ರೀ ಫೇಸ್ ಮೋಟಾರಿಗೆ ತಾನಾಗಿ ಹೊರಡುವ ಶಕ್ತಿಯೇ ಇರುವುದಿಲ್ಲ, ಗುಂಯ್‌ಗುಡುವುದು ಅದಕ್ಕೇ.

ಡ್ರೈವ್ ಇದ್ದರೆ ಅದರಿಂದ ಮೋಟಾರಿಗೆ ಹೋಗುವ ಮೂರು ವೈರುಗಳ ಎರಡೂ ತುದಿ ಬಿಗಿ ಮಾಡಿ. ರೋಟರಿ ಇದ್ದರೆ ಮೊದಲು ಐಡ್ಲರ್ ಮೋಟಾರನ್ನು, ಅಂದರೆ ಸುಮ್ಮನೆ ಓಡುವ ಆ ದೊಡ್ಡ ಮೋಟಾರನ್ನು, ನೋಡಿ. ಅದೇ ಗುಂಯ್‌ಗುಟ್ಟಿದರೆ ಅದರ ಸ್ಟಾರ್ಟ್ ಕಂಡೆನ್ಸರ್ ಅಥವಾ ಅದನ್ನು ಕಡಿದು ಹಾಕುವ ರಿಲೇ ಹೋಗಿದೆ. ಉಬ್ಬಿದ, ಎಣ್ಣೆ ಸೋರಿದ ಕಂಡೆನ್ಸರಿಗೆ ಮೀಟರೂ ಬೇಕಿಲ್ಲ, ಬದಲಾಯಿಸಿ. ಐಡ್ಲರ್ ಚೆನ್ನಾಗಿ ಓಡುತ್ತಿದ್ದು ಲೇಥ್ ಮಾತ್ರ ಎದ್ದೇಳದಿದ್ದರೆ ಮೂರನೆಯ ವೈರು ಬಿಟ್ಟಿದೆ, ಇಲ್ಲವೇ ಐಡ್ಲರ್ ಸಣ್ಣದಾಯಿತು. ಲೇಥ್ ಮೋಟಾರಿನ ಒಂದೂವರೆ ಪಟ್ಟಾದರೂ ಐಡ್ಲರ್ ಇರಬೇಕು.

ಹಳ್ಳಿಗಳಲ್ಲಿ ಇನ್ನೊಂದು ಕಾರಣವಿದೆ. ನಮ್ಮ ಕಡೆ ಅನೇಕ ಲೈನುಗಳಿಗೆ ತ್ರೀ ಫೇಸ್ ಬರುವುದು ದಿನದಲ್ಲಿ ಕೆಲವೇ ಗಂಟೆ, ಉಳಿದ ಹೊತ್ತು ಸಿಂಗಲ್ ಫೇಸ್. ಬೆಳಗ್ಗೆ ನೇರವಾಗಿ ಓಡಿದ ಲೇಥ್ ಮಧ್ಯಾಹ್ನ ಗುಂಯ್‌ಗುಟ್ಟಿದರೆ ಸ್ಟಾರ್ಟರ್ ಬಿಚ್ಚುವ ಮುಂಚೆ ಪಕ್ಕದ ತೋಟದ ಪಂಪು ಓಡುತ್ತಿದೆಯೇ ಕೇಳಿ.

ಮೋಟಾರು ಎದ್ದೇಳದಿದ್ದಾಗ ಬೆಲ್ಟ್ ಹಿಡಿದು ಎಳೆದು ಓಡಿಸುವವರನ್ನು ನೋಡಿದ್ದೇನೆ. ಓಡುತ್ತದೆ, ನಿಜ. ಆದರೆ ಬೆರಳು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ದಯವಿಟ್ಟು ಮಾಡಬೇಡಿ.

ಲಕ್ಷಣ: ಖಾಲಿ ಚೆನ್ನಾಗಿ ಓಡುತ್ತದೆ, ಕಟ್ ಕೊಟ್ಟರೆ ನಿಲ್ಲುತ್ತದೆ

ಡ್ರೈವ್ ಹಾಕಿಸಿಕೊಂಡವರಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದು. ನನ್ನ ಮೊದಲ ಲೇಥ್ ನನ್ನನ್ನು ಎರಡು ವಾರ ಸತಾಯಿಸಿದ್ದೂ ಇದರಲ್ಲೇ. 2 ಎಚ್‌ಪಿ ಮೋಟಾರು, ಹೊಸ ಡ್ರೈವ್. 40 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಬಾರಿಗೆ ಅರ್ಧ ಮಿ.ಮೀ. ಕಟ್ ತೆಗೆದುಕೊಳ್ಳುತ್ತಿತ್ತು, ಎರಡು ಮಿ.ಮೀ. ಕೊಟ್ಟರೆ ಚಕ್ ನಿಧಾನವಾಗಿ ನಿಂತೇ ಬಿಡುತ್ತಿತ್ತು. ಟೂಲ್ ಮತ್ತೆ ಮತ್ತೆ ಸಾಣೆ ಹಿಡಿದೆ, ಬೆಲ್ಟ್ ಬದಲಾಯಿಸಿದೆ, ಡ್ರೈವೇ ಸರಿ ಇಲ್ಲವೆಂದು ಬಿಚ್ಚಿ ಡಬ್ಬಿಗೆ ಹಾಕಿದೆ. ಕೊನೆಗೆ ಟರ್ಮಿನಲ್ ಬಾಕ್ಸಿನ ಮುಚ್ಚಳ ತೆಗೆದಾಗ ಹಿತ್ತಾಳೆಯ ಪಟ್ಟಿ ಮೂರು ಬೋಲ್ಟುಗಳ ಮೇಲೆ ಅಡ್ಡಡ್ಡ ಮಲಗಿತ್ತು. ಸ್ಟಾರ್. ಹತ್ತು ನಿಮಿಷದ ಕೆಲಸ.

ಕಾರಣ ಇಷ್ಟು. ಸಿಂಗಲ್ ಫೇಸ್ 230 ವೋಲ್ಟ್ ತೆಗೆದುಕೊಳ್ಳುವ ಸಾಮಾನ್ಯ ಡ್ರೈವ್ ಮೂರು ಫೇಸ್ ಕೊಟ್ಟರೂ ಅದು 230 ವೋಲ್ಟಿನದೇ. ನಮ್ಮ ಮೋಟಾರುಗಳು 415ಕ್ಕೆ ಮಾಡಿದವು. ಮೋಟಾರಿನ ಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ, ಹಾಗಾಗಿ ಸ್ಟಾರ್‌ನಲ್ಲೇ ಬಿಟ್ಟ ಮೋಟಾರಿಗೆ 230 ಕೊಟ್ಟರೆ ಸುಮಾರು ಮೂರರಲ್ಲಿ ಒಂದು ಪಾಲು ಬಲ ಮಾತ್ರ ಉಳಿಯುತ್ತದೆ. ಅದೇ ವೈಂಡಿಂಗನ್ನು ಡೆಲ್ಟಾ ಮಾಡಿದರೆ ಪ್ರತಿ ಕಾಯಿಲಿಗೂ ಅದಕ್ಕೆ ಬೇಕಾದ ವೋಲ್ಟೇಜ್ ಸಿಗುತ್ತದೆ.

ಆದರೂ ಸ್ಪ್ಯಾನರ್ ಹಿಡಿಯುವ ಮುಂಚೆ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಮೋಟಾರಿನ ಪುಲ್ಲಿಯ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆಯಿರಿ. ಗಾರ್ಡ್ ಮತ್ತೆ ಹಾಕಿ, ದೂರದಿಂದ ಅದನ್ನೇ ನೋಡುತ್ತ ಕಟ್ ಕೊಡಿ. ಚಕ್ ನಿಂತರೂ ಮೋಟಾರಿನ ಪುಲ್ಲಿ ಅದೇ ವೇಗದಲ್ಲಿ ತಿರುಗುತ್ತಿದ್ದು ಬೆಲ್ಟ್ ಕಿರ್ರೆಂದರೆ ಕರೆಂಟಿನದಲ್ಲ, ಬೆಲ್ಟಿನದು. ಪುಲ್ಲಿಯೇ ಮಂದವಾದರೆ ಟರ್ಮಿನಲ್ ಬಾಕ್ಸ್ ತೆರೆಯಿರಿ.

ಒಳಗೆ ಆರು ಬೋಲ್ಟ್ ಇದ್ದರೆ ಅದೃಷ್ಟ. ಒಂದೇ ಸಾಲಿನ ಮೂರನ್ನು ಪಟ್ಟಿ ಸೇರಿಸಿದ್ದರೆ ಸ್ಟಾರ್. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಮೂರು ಪಟ್ಟಿ ನೆಟ್ಟಗೆ ನಿಂತಿದ್ದರೆ ಡೆಲ್ಟಾ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮೂರೇ ವೈರು ಹೊರಬಂದಿದ್ದರೆ ಸ್ಟಾರ್ ಗಂಟು ಬಹುತೇಕ ವೈಂಡಿಂಗಿನ ಒಳಗೇ ಇರುತ್ತದೆ. ಅದನ್ನು ಹುಡುಕಿ ಆರು ತುದಿ ಹೊರತೆಗೆಯುವುದು ರಿವೈಂಡಿಂಗ್ ಅಂಗಡಿಯವರ ಕೆಲಸ, ಅವರಿಗೆ ಅದು ದೊಡ್ಡದೇನಲ್ಲ.

ಡೆಲ್ಟಾ ಮಾಡಿದ ಮೇಲೆ ಡ್ರೈವಿನಲ್ಲಿ ಮೋಟಾರಿನ ಆಂಪಿಯರ್ ಬದಲಿಸಲು ಮರೆಯಬೇಡಿ. ಪ್ಲೇಟಿನಲ್ಲಿ ಸ್ಟಾರ್‌ಗೆ 3.5 ಆಂಪಿಯರ್ ಎಂದಿದ್ದರೆ 230 ವೋಲ್ಟ್ ಡೆಲ್ಟಾದಲ್ಲಿ ಅದು ಸುಮಾರು 6 ಆಂಪಿಯರ್. ಹಳೆಯ ಅಂಕಿ ಹಾಗೇ ಬಿಟ್ಟರೆ ಡ್ರೈವ್ ಸುಮ್ಮಸುಮ್ಮನೆ ಓವರ್‌ಲೋಡ್ ಎಂದು ನಿಲ್ಲಿಸುತ್ತದೆ.

ಎಚ್ಚರ ಬೇಕಾದ್ದು 3 ಎಚ್‌ಪಿ ಮತ್ತು ಮೇಲಿನ ಮೋಟಾರುಗಳಲ್ಲಿ. ನಮ್ಮಲ್ಲಿ 2 ಎಚ್‌ಪಿವರೆಗಿನವು ಸಾಮಾನ್ಯವಾಗಿ ಸ್ಟಾರ್, ಅದಕ್ಕಿಂತ ದೊಡ್ಡವು 415 ವೋಲ್ಟಿಗೇ ಡೆಲ್ಟಾ. ಅಂಥದ್ದರಲ್ಲಿ ಪಟ್ಟಿ ಬದಲಿಸಿ ಪಡೆಯುವುದು ಏನೂ ಇಲ್ಲ. 230 ಒಳಗೆ ತೆಗೆದುಕೊಂಡು 415 ಹೊರಗೆ ಕೊಡುವ ವಿಶೇಷ ಡ್ರೈವ್ ಹಾಕಬೇಕು, ಇಲ್ಲವೇ ಮೋಟಾರನ್ನು 230 ಡೆಲ್ಟಾಕ್ಕೆ ರಿವೈಂಡ್ ಮಾಡಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಆ ದುಡ್ಡಿನಲ್ಲಿ 2 ಎಚ್‌ಪಿಯ ಒಳ್ಳೆಯ ಮೋಟಾರು ಹಾಕಿ ಸಣ್ಣ ಕಟ್‌ನಲ್ಲಿ ಕೆಲಸ ಮಾಡುವುದು ಮೇಲು.

ಪಟ್ಟಿಯೂ ಸರಿ, ಬೆಲ್ಟೂ ಸರಿ, ಆದರೂ ನಿಧಾನ ವೇಗದಲ್ಲಿ ಬಲವಿಲ್ಲ ಎಂದರೆ ನೀವು ಡ್ರೈವಿನ ನಾಬ್ ತಿರುಗಿಸಿ ವೇಗ ಇಳಿಸುತ್ತಿದ್ದೀರಿ. 50 ಹರ್ಟ್ಜ್‌ನಿಂದ 15ಕ್ಕೆ ಇಳಿಸಿದರೆ ಮೋಟಾರಿನ ಶಕ್ತಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಅದರ ಫ್ಯಾನಿನ ಗಾಳಿಯೂ ಸಾಲದು. ದೊಡ್ಡ ಡಯಾದ ಜಾಬಿಗೆ ಬ್ಯಾಕ್ ಗೇರ್ ಹಾಕಿ. ನಾಬ್ ಇರುವುದು ಸಣ್ಣ ಹೊಂದಾಣಿಕೆಗೆ.

ಕಂಡೆನ್ಸರ್ ಡಬ್ಬಿಯವರಿಗೆ ಬೇರೆ ಮಾತು. ಪಂಪಿನ ಲೋಡ್ ಬೆಳಗಿಂದ ಸಂಜೆವರೆಗೆ ಒಂದೇ, ಅದಕ್ಕೆ ಹೊಂದುವ ಕಂಡೆನ್ಸರ್ ಒಮ್ಮೆ ಹಾಕಿದರೆ ನಡೆಯುತ್ತದೆ. ಲೇಥ್ ಹಾಗಲ್ಲ. ಖಾಲಿ ಓಡುವಾಗ ಒಂದು, ಫೇಸಿಂಗ್‌ಗೆ ಒಂದು, ಡ್ರಿಲ್ ಹಾಕುವಾಗ ಇನ್ನೊಂದು. ಯಾವ ಕಂಡೆನ್ಸರೂ ಎಲ್ಲಕ್ಕೂ ಹೊಂದುವುದಿಲ್ಲ. ಮೋಟಾರಿನ ಬಲದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನ ಆಸೆ ಇಡಬೇಡಿ.

ಲಕ್ಷಣ: ಡ್ರೈವ್ ಟ್ರಿಪ್ ಆಗುತ್ತದೆ

ಯಾವಾಗ ಟ್ರಿಪ್ ಆಗುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ರೀಸೆಟ್ ಒತ್ತುವ ಮುಂಚೆ ಡಿಸ್‌ಪ್ಲೇಯ ಅಕ್ಷರ ಬರೆದುಕೊಳ್ಳಿ.

ಹೊರಡುವಾಗ ಓವರ್‌ಕರೆಂಟ್ ಎಂದರೆ ಭಾರದ ಚಕ್ಕನ್ನು ತೀರ ಬೇಗ ವೇಗಕ್ಕೆ ಎಳೆಯುತ್ತಿದೆ. ಆಕ್ಸಿಲರೇಷನ್ ಸಮಯ ಐದು ಸೆಕೆಂಡ್ ಮಾಡಿ ನೋಡಿ. ಆಗಲೂ ಕ್ಷಣಮಾತ್ರದಲ್ಲಿ ಟ್ರಿಪ್ ಆದರೆ ಮೋಟಾರಿನ ವೈರು ಬಿಚ್ಚಿ ಡ್ರೈವ್ ಒಂದನ್ನೇ ಓಡಿಸಿ. ಖಾಲಿ ಓಡಿದರೆ ದೋಷ ಕೇಬಲಿನಲ್ಲೋ ಮೋಟಾರಿನಲ್ಲೋ ಇದೆ. ಖಾಲಿಯೂ ಟ್ರಿಪ್ ಆದರೆ ಬಹುತೇಕ ಡ್ರೈವಿನ ಒಳಗಿನ ಐಜಿಬಿಟಿ (ಕರೆಂಟನ್ನು ಕಡಿದು ಜೋಡಿಸುವ ಎಲೆಕ್ಟ್ರಾನಿಕ್ ಸ್ವಿಚ್) ಹೋಗಿದೆ, ಅಲ್ಲಿಗೆ ನಿಲ್ಲಿಸಿ ರಿಪೇರಿಗೆ ಕೊಡಿ.

ನಿಲ್ಲಿಸುವಾಗ ಓವರ್‌ವೋಲ್ಟೇಜ್ ಎಂದರೆ ತಿರುಗುವ ಚಕ್ಕಿನ ಶಕ್ತಿ ಮೋಟಾರಿನಿಂದ ಹಿಂದಕ್ಕೆ ಡ್ರೈವಿಗೆ ನುಗ್ಗುತ್ತಿದೆ. ನಿಲ್ಲುವ ಸಮಯ ಹೆಚ್ಚಿಸಿ, ಅಥವಾ ಡ್ರೈವಿನಲ್ಲಿ ಸೌಲಭ್ಯವಿದ್ದರೆ ಬ್ರೇಕ್ ರೆಸಿಸ್ಟರ್ ಹಾಕಿಸಿ. ಆದರೆ ನಮ್ಮ ಬಹಳಷ್ಟು ಸಣ್ಣ ಲೇಥ್‌ಗಳಲ್ಲಿ ಚಕ್ ಸ್ಪಿಂಡಲ್ಲಿನ ಮರೆ (ಥ್ರೆಡ್) ಮೇಲೆ ತಿರುಗಿಸಿ ಕೂರಿಸಿದ್ದು. ಒಮ್ಮೆಲೇ ಬ್ರೇಕ್ ಹಾಕಿದರೆ ಸ್ಪಿಂಡಲ್ ನಿಲ್ಲುತ್ತದೆ, ಚಕ್ ನಿಲ್ಲುವುದಿಲ್ಲ, ಮರೆ ಬಿಚ್ಚಿಕೊಂಡು ಬೆಡ್ಡಿನ ಮೇಲೆ ಬೀಳುತ್ತದೆ. ಓಡುತ್ತಿರುವಾಗ ರಿವರ್ಸ್ ಕೊಟ್ಟರೂ ಅದೇ. ಅಂಥ ಲೇಥ್‌ಗೆ ನಾನು ನಿಲ್ಲುವ ಸಮಯ ಆರು ಸೆಕೆಂಡಿಗಿಂತ ಕಡಿಮೆ ಇಡುವುದಿಲ್ಲ.

ಕಟ್ ಕೊಟ್ಟಾಗ ಅಂಡರ್‌ವೋಲ್ಟೇಜ್ ಎಂದರೆ ವೈರು ನೋಡಿ. 2 ಎಚ್‌ಪಿ ಲೇಥ್ ಪೂರ್ತಿ ಲೋಡಿನಲ್ಲಿ ಸಿಂಗಲ್ ಫೇಸ್ ಕಡೆಯಿಂದ ಸುಮಾರು 14 ಆಂಪಿಯರ್ ಎಳೆಯುತ್ತದೆ. ಮೀಟರ್ ಬೋರ್ಡಿನಿಂದ 30 ಮೀಟರ್ ದೂರಕ್ಕೆ 1.5 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆದಿದ್ದರೆ ಹೋಗಿ ಬರುವಾಗ 10 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. 4 ಸ್ಕ್ವೇರ್ ಎಂಎಂ ಹಾಕಿದರೆ ಅದು 4 ವೋಲ್ಟಿಗೆ ಇಳಿಯುತ್ತದೆ. ಸಂಜೆ ಊರಿನ ವೋಲ್ಟೇಜೇ 200ಕ್ಕೆ ಬಂದಿರುವಾಗ ಈ ಆರು ವೋಲ್ಟಿಗೂ ಬೆಲೆ ಇದೆ. ಮೀಟರನ್ನು ಬೋರ್ಡಿನಲ್ಲಲ್ಲ, ಡ್ರೈವಿನ ಇನ್‌ಪುಟ್ ಟರ್ಮಿನಲ್ಲಿನಲ್ಲಿ ಇಟ್ಟು, ಕಟ್ ನಡೆಯುತ್ತಿರುವಾಗ ಓದಬೇಕು. ಪ್ರೋಬ್ ಇಡುವಾಗ ತೋಳಿಲ್ಲದ ಅಂಗಿ, ಒಂದೇ ಕೈ, ಮತ್ತು ಲೇಥ್ ಹತ್ತಿರ ಇನ್ನೊಬ್ಬರು. ವೈರು ದಪ್ಪವಿದ್ದೂ ಇಳಿಯುತ್ತಿದ್ದರೆ ಕಟ್ ನಿಲ್ಲಿಸಿ, ಮೇನ್ ಇಳಿಸಿ, ಸ್ಕ್ರೂಗಳನ್ನು ಬಿಗಿ ಮಾಡಿ. ಕಪ್ಪಾದ ನ್ಯೂಟ್ರಲ್ ಲಿಂಕ್ ನಾನು ಬಹಳ ಕಡೆ ಕಂಡಿದ್ದೇನೆ.

ತ್ರೀ ಫೇಸ್ ಇನ್‌ಪುಟ್ಟಿನ ಡ್ರೈವನ್ನು ಎರಡು ವೈರಿನಲ್ಲಿ ಓಡಿಸುತ್ತಿದ್ದರೆ ಅದು ಇನ್‌ಪುಟ್ ಫೇಸ್ ಇಲ್ಲ ಎಂದು ನಿಲ್ಲುತ್ತದೆ. ಕೈಪಿಡಿ ಒಪ್ಪಿದರೆ ಮಾತ್ರ ಆ ಎಚ್ಚರಿಕೆ ತೆಗೆಯಿರಿ, ಮತ್ತು ಡ್ರೈವ್ ಮೋಟಾರಿನ ಎರಡು ಪಟ್ಟು ದೊಡ್ಡದಿರಲಿ.

ಲಕ್ಷಣ: ಕರೆಂಟು ಹೋಗಿ ಬಂದಾಗ ತಾನೇ ತಿರುಗಲು ಶುರುವಾಗುತ್ತದೆ

ಇದನ್ನು ಕಂಡ ದಿನವೇ ಲೇಥ್ ನಿಲ್ಲಿಸಿ, ಸರಿಯಾಗುವವರೆಗೆ ಓಡಿಸಬೇಡಿ. ಹಳೆಯ ಸ್ಟಾರ್ಟರಿನಲ್ಲಿ ಕರೆಂಟು ಹೋದರೆ ಕಾಯಿಲ್ ಬಿಡುತ್ತಿತ್ತು, ಮತ್ತೆ ಹಸಿರು ಬಟನ್ ಒತ್ತಿದರೇ ಓಡುತ್ತಿತ್ತು. ಡ್ರೈವಿಗೆ ಆನ್-ಆಫ್ ತಿರುಗಿಸುವ ಸ್ವಿಚ್ ಹಾಕಿದ್ದರೆ ಅದು ಆನ್‌ನಲ್ಲೇ ಉಳಿದಿರುತ್ತದೆ. ಕರೆಂಟು ಹೋಯಿತೆಂದು ನೀವು ಚಕ್ಕಿಗೆ ಕೀ ಹಾಕಿ ಜಾಬ್ ಬಿಚ್ಚುತ್ತಿರುವಾಗ ಲೈನ್ ಬರುತ್ತದೆ. ಸ್ವಿಚ್ ತೆಗೆದು ಒತ್ತಿ ಬಿಡುವ ಎರಡು ಬಟನ್ ಹಾಕಿಸಿ, ಡ್ರೈವಿನಲ್ಲಿ ತಾನಾಗಿ ಮತ್ತೆ ಶುರುವಾಗುವ ಆಯ್ಕೆ ಮುಚ್ಚಿ. ಆಮೇಲೆ ಖಾಲಿ ಚಕ್ಕಿನಲ್ಲಿ ಓಡಿಸಿ, ಮೇನ್ ಇಳಿಸಿ ಏರಿಸಿ ಪರೀಕ್ಷಿಸಿ.

ಲಕ್ಷಣ: ಮೈ ಮುಟ್ಟಿದರೆ ಜುಮ್ ಅನ್ನುತ್ತದೆ, ಇಎಲ್‌ಸಿಬಿ ಬೀಳುತ್ತದೆ

ಜುಮ್ ಅಂದರೆ ಅಲ್ಲಿಗೆ ಕೆಲಸ ಮುಗಿಯಿತು, ಮೇನ್ ಇಳಿಸಿ. ಅರ್ಥ್ ವೈರು ಲೇಥ್ ಬೆಡ್ಡಿಗೆ, ಮೋಟಾರಿನ ಮೈಗೆ, ಡ್ರೈವಿಗೆ ಮೂರಕ್ಕೂ ಹೋಗಿದೆಯೇ, ಪೇಂಟಿನ ಮೇಲೆ ಸ್ಕ್ರೂ ಕೂತಿದೆಯೇ ನೋಡಿ. ಪೇಂಟ್ ಕೆರೆದು ಬೋಳು ಲೋಹಕ್ಕೆ ಬಿಗಿಸಿ. ಟರ್ಮಿನಲ್ ಬಾಕ್ಸಿಗೆ ಕೂಲೆಂಟೋ (ಕಟ್ ತಂಪಾಗಿಸುವ ದ್ರವ) ಮಳೆಗಾಲದ ತೇವವೋ ಇಳಿದಿರುತ್ತದೆ, ಒರೆಸಿ ಒಣಗಿಸಿ.

ಡ್ರೈವುಗಳ ಒಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಅರ್ಥಿಗೆ ಬಿಡುವುದು ಸಹಜ, ಅದರಿಂದಲೇ ಸೋರಿಕೆ ಕಂಡರೆ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಕೆಲವೊಮ್ಮೆ ಬೀಳುತ್ತದೆ. ಇದು ಫಿಲ್ಟರೋ ನಿಜವಾದ ಸೋರಿಕೆಯೋ ಎಂದು ತಿಳಿಯಲು ಮೋಟಾರಿನ ಮೂರು ವೈರನ್ನೂ ಡ್ರೈವಿನಿಂದ ಬಿಚ್ಚಿ, ಮೋಟಾರಿಗೆ ಮಾತ್ರ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ. ಒಂದು ಮೆಗ್ ಓಮ್‌ಗಿಂತ ಕಡಿಮೆ ಬಂದರೆ ಮೋಟಾರು ರಿವೈಂಡಿಂಗಿನವರ ಬಳಿ ಹೋಗಲಿ. ಡ್ರೈವಿಗೆ ಮೆಗ್ಗರ್ ಮುಟ್ಟಿಸಿದರೆ ಡ್ರೈವ್ ಸಾಯುತ್ತದೆ. ಮೋಟಾರು ಸರಿಯಿದ್ದರೆ ಡ್ರೈವಿಗೆ ಹೊಂದುವ ಇಎಲ್‌ಸಿಬಿ ಯಾವುದೆಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕೇಳಿ. ಇಎಲ್‌ಸಿಬಿ ತೆಗೆದು ನೇರ ಜೋಡಿಸುವುದನ್ನು ಯಾರು ಹೇಳಿದರೂ ಕೇಳಬೇಡಿ.

ಲಕ್ಷಣ: ಮೋಟಾರು ಬಿಸಿ, ವಾರ್ನಿಶ್ ವಾಸನೆ

ಕೈ ಇಡಲಾಗದಷ್ಟು ಬಿಸಿ ಎಂದ ಮಾತ್ರಕ್ಕೆ ಕೆಟ್ಟಿತು ಎಂದಲ್ಲ. 60 ಡಿಗ್ರಿಗೇ ಕೈ ಹಿಂದೆ ಬರುತ್ತದೆ, ಮೋಟಾರಿನ ಮೈ ಅದಕ್ಕಿಂತ ಬಿಸಿಯಾದರೂ ತಡೆಯುತ್ತದೆ. ಒಂದು ಹನಿ ನೀರು ಚುರ್ ಎಂದು ಹಾರಿದರೆ ಅಥವಾ ಸುಟ್ಟ ವಾರ್ನಿಶ್ ವಾಸನೆ ಬಂದರೆ ಮಾತ್ರ ತಕ್ಷಣ ನಿಲ್ಲಿಸಿ.

ಮೊದಲು ಫ್ಯಾನ್ ಕವರಿನ ಕಸ ತೆಗೆಯಿರಿ. ರೋಟರಿ ಅಥವಾ ಕಂಡೆನ್ಸರ್ ಇದ್ದರೆ ಮೂರು ವೈರಿಗೂ ಒಂದೊಂದಾಗಿ ಕ್ಲ್ಯಾಂಪ್ ಮೀಟರ್ ಹಾಕಿ. ಒಂದರಲ್ಲಿ ಪ್ಲೇಟಿನ ಅಂಕಿ ದಾಟಿ ಇನ್ನೊಂದರಲ್ಲಿ ಅರ್ಧವೂ ಇಲ್ಲದಿದ್ದರೆ ಫೇಸ್‌ಗಳು ಸಮನಿಲ್ಲ, ರನ್ ಕಂಡೆನ್ಸರಿನ ಅಳತೆ ಹೊಂದಿಸಬೇಕು. ಇದನ್ನು ಖಾಲಿ ಓಡುವಾಗಲ್ಲ, ನಿಮ್ಮ ದಿನನಿತ್ಯದ ಕಟ್ ನಡೆಯುವಾಗ ಹೊಂದಿಸಿ. ಡ್ರೈವ್ ಇದ್ದರೆ ಅಗ್ಗದ ಕ್ಲ್ಯಾಂಪ್ ಮೀಟರ್ ಔಟ್‌ಪುಟ್ಟಿನಲ್ಲಿ ತಪ್ಪು ತೋರಿಸುತ್ತದೆ, ಡ್ರೈವಿನ ಡಿಸ್‌ಪ್ಲೇಯ ಆಂಪಿಯರನ್ನೇ ನಂಬಿ.

ಫಿನಿಶಿಂಗ್ ಕಟ್‌ನಲ್ಲಿ ಜಾಬಿನ ಮೇಲೆ ಸಣ್ಣ ಅಲೆ ಅಲೆ ಗುರುತು ಬೀಳುವುದೂ ಕೆಲವೊಮ್ಮೆ ಇದೇ ಅಸಮತೋಲನದಿಂದ. ಆದರೆ ಮೊದಲು ಬೆಲ್ಟಿನ ಗಂಟು ಮತ್ತು ಸ್ಪಿಂಡಲ್ ಬೇರಿಂಗ್ ನೋಡಿ.

ಲಕ್ಷಣ: ಕಾಂಟ್ಯಾಕ್ಟರ್ ಟರ‍್ರೆನ್ನುತ್ತದೆ, ಲೈಟು ಮಂಕು, ಕೂಲೆಂಟ್ ಬರುವುದಿಲ್ಲ

ಲೇಥಿನ ಒಳಗೆ 415ರಿಂದ 110 ವೋಲ್ಟಿಗೆ ಇಳಿಸುವ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದಕ್ಕೆ ಈಗ 230 ಸಿಗುತ್ತಿದ್ದರೆ ಹೊರಬರುವುದು 61 ವೋಲ್ಟ್. ಕಾಂಟ್ಯಾಕ್ಟರ್ (ಕಾಯಿಲಿನ ಎಳೆತದಿಂದ ಕೂಡುವ ಸ್ವಿಚ್) ಹಿಡಿಯಲೂ ಆರದು, ಬಿಡಲೂ ಆರದು. ಟ್ರಾನ್ಸ್‌ಫಾರ್ಮರಿನಲ್ಲಿ 230ರ ಟ್ಯಾಪ್ ಇದ್ದರೆ ವೈರು ಅಲ್ಲಿಗೆ ಬದಲಿಸಿ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಬದಲಿಸಿ. ಈ ಕರೆಂಟನ್ನು ಮೇನ್ಸಿನ ಫೇಸ್-ನ್ಯೂಟ್ರಲ್‌ನಿಂದಲೇ ತೆಗೆದುಕೊಳ್ಳಬೇಕು. ಡ್ರೈವಿನ ಔಟ್‌ಪುಟ್ಟಿನಿಂದಾಗಲಿ, ರೋಟರಿ ಹುಟ್ಟಿಸಿದ ಮೂರನೆಯ ಫೇಸಿನಿಂದಾಗಲಿ ಬೇಡ.

ಕೂಲೆಂಟ್ ಪಂಪನ್ನು ಲೇಥ್ ಮೋಟಾರಿನ ಜೊತೆಗೇ ಡ್ರೈವಿಗೆ ಕಟ್ಟುವ ಪ್ರಯತ್ನ ಬಿಡಿ, ಸಿಂಗಲ್ ಫೇಸ್ ಪಂಪ್ ಒಂದನ್ನು ತಂದು ಬೇರೆ ಸ್ವಿಚ್ ಕೊಡಿ.

ಹಳೆಯ ಫಾರ್ವರ್ಡ್-ರಿವರ್ಸ್ ಸ್ವಿಚ್ ಡ್ರೈವಿಗೂ ಮೋಟಾರಿಗೂ ನಡುವೆ ಉಳಿದಿದ್ದರೆ ಇವತ್ತೇ ತೆಗೆಸಿ. ಓಡುತ್ತಿರುವಾಗ ಆ ಸ್ವಿಚ್ ಬಿಟ್ಟು ಹಿಡಿದರೆ ಐಜಿಬಿಟಿ ಹೋಗುತ್ತದೆ. ಅದೇ ಲಿವರನ್ನು ಡ್ರೈವಿನ ಸಣ್ಣ ವೋಲ್ಟೇಜಿನ ಕಂಟ್ರೋಲ್ ಟರ್ಮಿನಲ್ಲಿಗೆ ಜೋಡಿಸಿದರೆ ಕೈಗೆ ಅಭ್ಯಾಸವಾದ ಲಿವರ್ ಹಾಗೇ ಉಳಿಯುತ್ತದೆ. ಆದರೆ ಮಧ್ಯಕ್ಕೆ ಬಂದು ಬಟನ್ ಒತ್ತಿದ ಮೇಲೇ ಮತ್ತೆ ಓಡುವಂತೆ ಕಟ್ಟಿಸಿ.

ಬೇರೆಯವರನ್ನು ಕರೆಯುವಾಗ

ಮೀಟರ್ ಬೋರ್ಡಿನ ಒಳಗೆ ಸೀಲ್ ಇರುವ ಕಡೆ ಏನಿದ್ದರೂ ಬೆಸ್ಕಾಂ, ಹೆಸ್ಕಾಂ, ನಿಮ್ಮ ಕಡೆ ಯಾವುದೋ ಆ ಸೆಕ್ಷನ್ ಆಫೀಸಿನವರದು. ಮಂಜೂರಾದ ಲೋಡ್ ಎಷ್ಟು, ಕನೆಕ್ಷನ್ ಮನೆಯದೋ ಕೈಗಾರಿಕೆಯದೋ ಬಿಲ್ಲಿನಲ್ಲಿ ನೋಡಿ, ಲೇಥಿಗೆ ಸಾಲದಿದ್ದರೆ ಅರ್ಜಿ ಕೊಡಿ. 5 ಎಚ್‌ಪಿ ಮೇಲಿನ ಲೇಥ್ ತರುವ ಯೋಚನೆ ಇದ್ದರೆ ತ್ರೀ ಫೇಸ್ ಕನೆಕ್ಷನ್ನಿಗೇ ಹಾಕಿ.

ಎಲೆಕ್ಟ್ರಿಷಿಯನ್ ಅಥವಾ ರಿವೈಂಡಿಂಗಿನವರು ಬಂದಾಗ "ಓಡ್ತಿಲ್ಲ ಅಣ್ಣ" ಎಂದಷ್ಟೇ ಹೇಳಬೇಡಿ. ಪ್ಲೇಟಿನ ಚೀಟಿ, ಟರ್ಮಿನಲ್ ಬಾಕ್ಸಿನ ಫೋಟೋ, ಡ್ರೈವ್ ತೋರಿಸಿದ ಅಕ್ಷರ, ಖಾಲಿ ಓಡುವಾಗಿನ ಮತ್ತು ಕಟ್ ಕೊಟ್ಟಾಗಿನ ವೋಲ್ಟ್-ಆಂಪಿಯರ್, ಇಷ್ಟು ಕೈಗೆ ಕೊಡಿ. ನಾನು ಇವನ್ನು ಲೇಥ್ ಸರಿಯಾಗಿ ಓಡುತ್ತಿರುವ ದಿನವೇ ಅಳೆದು ಡ್ರೈವಿನ ಬಾಗಿಲ ಒಳಗೆ ಪೇಂಟ್ ಪೆನ್ನಿನಲ್ಲಿ ಬರೆದಿದ್ದೇನೆ: ಖಾಲಿ 3.1 ಆಂಪಿಯರ್, 40 ಎಂಎಸ್ ಬಾರಿಗೆ ಎರಡು ಮಿ.ಮೀ. ಕಟ್‌ನಲ್ಲಿ 5.4.